ಬರ್ಲಿನ್ನಿನ ಒಂದು ಬಾಡಿಗೆ ಕಟ್ಟಡದ ಇತಿಹಾಸ ಬರೆದು ಹೊಟ್ಟೆ ಹೊರೆದ ಕತೆ

ನನ್ನ ಪುಸ್ತಕ ಎರಡನೇ ಮುದ್ರಣ ಕಂಡಿದೆ. ಬರ್ಲಿನ್ನಿನ ನಾಯ್‌ಕೋಲ್ನ್ ಭಾಗದ ಸೊನ್ನೆನಲೀ ಬೀದಿಯ ಒಂದು ಬಾಡಿಗೆ ಕಟ್ಟಡ, ಅದರೊಳಗೆ 1900ರ ಆಸುಪಾಸಿನಿಂದ 1943ರ ತನಕ ಬಾಳಿದವರು, ಅಷ್ಟೇ ವಿಷಯ. ಅಲ್ಲಿ ಹೆಸರಾಂತ ಮನುಷ್ಯ ಅಂತ ಒಬ್ಬನೂ ಇರಲಿಲ್ಲ. ಮಂತ್ರಿ ಇಲ್ಲ, ಕವಿ ಇಲ್ಲ, ಕೊಲೆಗಾರನೂ ಇಲ್ಲ. "ಇದರಲ್ಲಿ ಇತಿಹಾಸ ಎಲ್ಲಿದೆ?" ಎಂದು ಕೇಳಿದವರು ಬೇಕಾದಷ್ಟು ಜನ. ಅವರಲ್ಲಿ ಇಬ್ಬರು ಪ್ರೊಫೆಸರುಗಳು ಈಗ ತಮ್ಮ ವಿದ್ಯಾರ್ಥಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ. ಆರ್ಕೈವ್‌ನಲ್ಲಿ ಕೂತು ಬೆನ್ನು ನೋಯಿಸಿಕೊಂಡವರಿಗೆ, ಕುರೆಂಟ್ ಎಂಬ ಹಳೇ ಜರ್ಮನ್ ಕೈಬರಹ ಓದಲು ಬರುವವರಿಗೆ ಈ ಬರಹ. ಮೊದಲ ಪಾಠ ಹೇಳಲು ಹೋಗುವುದಿಲ್ಲ.

ಮೊದಲ ತಕರಾರು ಬಂದದ್ದು ವಿಷಯದ ಬಗ್ಗೆ ಅಲ್ಲ, ನನ್ನ ಬಗ್ಗೆ. ಭಾರತದವನು ಜರ್ಮನ್ ಇತಿಹಾಸ ಬರೆಯುತ್ತೇನೆ ಅಂದರೆ ಎದುರಿನವರ ತಲೆಗೆ ತಕ್ಷಣ ಬರುವುದು ಸುಭಾಷ್ ಬೋಸ್. ಕನ್ನಡಿಗ ಅಂತ ಗೊತ್ತಾದರೆ ಬಾಸೆಲ್ ಮಿಷನ್, ಮಂಗಳೂರು, ಕಿಟೆಲ್. ಕಿಟೆಲ್ ಬಗ್ಗೆ ನನಗೆ ಗೌರವ ಇಲ್ಲವೆಂದಲ್ಲ. 1894ರಲ್ಲಿ ಬಂದ ಆ ನಿಘಂಟಿನ ಮರುಮುದ್ರಣ ನನ್ನ ಮೇಜಿನ ಮೇಲೇ ಇದೆ. ಆದರೆ ಜರ್ಮನ್ನರೊಬ್ಬರು ವಿಜಯನಗರದ ಬಗ್ಗೆ ಬರೆಯಲು ಹೊರಟರೆ "ನಿಮ್ಮೂರಿನ ಪಾದ್ರಿ ಬಗ್ಗೆ ಬರೀರಿ" ಎಂದು ಯಾರೂ ಹೇಳುವುದಿಲ್ಲ, ಅಲ್ವಾ? ನನಗೆ ಬೇಕಿದ್ದದ್ದು ಬರ್ಲಿನ್ನಿನ ಬಾಡಿಗೆದಾರರು.

ಎರಡನೆಯದು ಹೊಟ್ಟೆಪಾಡು. ಇಲ್ಲಿನ ವಿಶ್ವವಿದ್ಯಾಲಯದ ಲೆಕ್ಕ ನಿಮಗೆ ಗೊತ್ತೇ ಇದೆ. 2007ರ ಕಾನೂನಿನ ಪ್ರಕಾರ ಪಿಎಚ್‌ಡಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ ತಾತ್ಕಾಲಿಕ ಒಪ್ಪಂದ. ಅಷ್ಟರಲ್ಲಿ ಖಾಯಂ ಹುದ್ದೆ ಸಿಗದಿದ್ದರೆ ಬಾಗಿಲು ಮುಚ್ಚಿದಂತೆಯೇ. ನನಗೆ ಸಿಕ್ಕಿದ್ದು 65 ಪರ್ಸೆಂಟ್ ಹುದ್ದೆ. ಸಂಬಳ 65, ಕೆಲಸ ಮಾತ್ರ 100. ಕೈಗೆ 1,700 ಯೂರೋ ಹತ್ತಿರ ಬರುತ್ತಿತ್ತು, ಅದರಲ್ಲಿ 700 ಬಾಡಿಗೆಗೆ. ಹಬಿಲಿಟಾತ್ಸಿಯೋನ್ ಮಾಡು ಎಂದು ಎಲ್ಲರೂ ಹೇಳಿದರು. ಅಂದರೆ ಪಿಎಚ್‌ಡಿ ಆದಮೇಲೆ ಇನ್ನೊಂದು ದಪ್ಪ ಪುಸ್ತಕ ಬರೆದು 'ಪ್ರಿವಾಟ್‌ಡೊಜೆಂಟ್' ಅನ್ನಿಸಿಕೊಳ್ಳುವುದು, ಆಮೇಲೆ ಆ ಬಿರುದು ಉಳಿಸಿಕೊಳ್ಳಲು ಬಹಳ ಕಡೆ ಬಿಟ್ಟಿ ಪಾಠ ಮಾಡುವುದು. ಅದನ್ನು ನಾನು ಬೇಡ ಅಂದೆ.

ಕಟ್ಟಡದ ಯೋಜನೆಗೆ ಅನುದಾನ ಕೇಳಿದ ಅರ್ಜಿಗಳೆಲ್ಲ ಒಂದೊಂದಾಗಿ ವಾಪಸ್ ಬಂದವು. ಎಲ್ಲದರಲ್ಲೂ ಒಂದೇ ರಾಗ: ಒಂದು ಕಟ್ಟಡ ಸಮಾಜದ ಮಾದರಿ ಆಗುವುದಿಲ್ಲ. ಇದು 1980ರ ದಶಕದ ಹಳೇ ಜಗಳ. ಬಿಲೆಫೆಲ್ಡ್‌ನಲ್ಲಿ ಇತಿಹಾಸಕಾರ ವೇಲರ್ ಮತ್ತವರ ಬಳಗ ದೊಡ್ಡ ಸಾಮಾಜಿಕ ರಚನೆಗಳನ್ನು ಹಿಡಿದು ಕೂತಿತ್ತು. ಇನ್ನೊಂದು ಕಡೆ ಸಾಮಾನ್ಯರ ಬದುಕು ಹುಡುಕುವ ಬಡಾವಣೆಯ ಇತಿಹಾಸ ಕಾರ್ಯಾಗಾರಗಳು. ಬರ್ಲಿನ್ನಿನದು ಶುರುವಾದದ್ದು 1981ರಲ್ಲಿ. ಆ ಜಗಳ ಎಂದೋ ಮುಗಿದಿದೆ ಅಂತಾರೆ. ನನ್ನ ಅರ್ಜಿ ನೋಡಿದವರಿಗೆ ಸುದ್ದಿ ತಲುಪಿರಲಿಲ್ಲ ಅಂತ ಕಾಣುತ್ತದೆ.

ಕೆಲಸಕ್ಕೆ ಬರುತ್ತೇನೆ. ಅಡಿಪಾಯ ಬರ್ಲಿನ್ನಿನ ವಿಳಾಸ ಪುಸ್ತಕಗಳು. 1799ರಿಂದ 1943ರ ತನಕದ್ದನ್ನು ನಗರದ ಗ್ರಂಥಾಲಯ ಸ್ಕ್ಯಾನ್ ಮಾಡಿ ಬಿಟ್ಟಿಯಾಗಿ ಇಟ್ಟಿದೆ. ಬೀದಿಯ ವಿಭಾಗ ತೆರೆದರೆ ಮನೆ ನಂಬರ್, ಅದರ ಕೆಳಗೆ ಬಾಡಿಗೆದಾರರ ಹೆಸರು ಮತ್ತು ಕಸುಬು: ಗಾರೆಯವ, ಬಡಗಿ, ದರ್ಜಿ, ವಿಧವೆ. ಮಾಲೀಕನ ಹೆಸರಿನ ಮುಂದೆ 'ಇ' ಗುರುತು, ಮೇಲ್ವಿಚಾರಕನ ಮುಂದೆ 'ವಿ' ಗುರುತು. ವರ್ಷವರ್ಷದ ಪುಟವನ್ನು ಒಂದರ ಕೆಳಗೊಂದು ಇಟ್ಟುಕೊಂಡು ಹೋದರೆ ಕಟ್ಟಡ ಉಸಿರಾಡುವುದು ಕಾಣುತ್ತದೆ.

ಹೇಳುವುದಕ್ಕೆ ಸುಲಭ. ಮೊದಲು ಕಂಪ್ಯೂಟರಿಗೆ ಓದಿಸಿದೆ. ಹಳೇ ಫ್ರಾಕ್ಟೂರ್ ಅಚ್ಚಿನ ಉದ್ದ 'ಎಸ್' ಅನ್ನು ಅದು 'ಎಫ್' ಎಂದು ಓದಿ, ಇಲ್ಲದ ಮನುಷ್ಯರನ್ನೆಲ್ಲ ಹುಟ್ಟಿಸಿತು. ಒಂದು ಚಳಿಗಾಲ ಪೂರ್ತಿ ಅದಕ್ಕೇ ಹೋಯಿತು. ಕೊನೆಗೆ ಕೈಯಲ್ಲೇ ಟೈಪ್ ಮಾಡಿದೆ. ಹಳೇ ಬರಹ ಓದುವ ಟ್ರಾನ್ಸ್‌ಕ್ರಿಬಸ್ ತಂತ್ರಾಂಶ ಕೈಬರಹಕ್ಕೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಆರು ಅಕ್ಷರಕ್ಕೆ ಮೊಟಕಾದ ಕಸುಬಿನ ಹೆಸರುಗಳ ಮುಂದೆ ಅದೂ ಕೈಕಟ್ಟಿ ನಿಲ್ಲುತ್ತದೆ.

ಆಮೇಲೆ ಹೆಸರಿನ ಗೊಂದಲ. 1912ರ ತನಕ ನಾಯ್‌ಕೋಲ್ನ್ ಹೆಸರು ರಿಕ್ಸ್‌ಡಾರ್ಫ್. 1920ರ ತನಕ ಅದು ಬರ್ಲಿನ್ನಿಗೆ ಸೇರಿರಲೇ ಇಲ್ಲ, ಹಾಗಾಗಿ ಉಪನಗರಗಳ ಭಾಗದಲ್ಲಿ ಹುಡುಕಬೇಕು. ಸೊನ್ನೆನಲೀ ಆಗ ಕೈಸರ್ ಫ್ರೀಡ್ರಿಷ್ ಸ್ಟ್ರಾಸೆ. 1938ರಲ್ಲಿ ಹಿಟ್ಲರ್ ಹುಟ್ಟಿದ ಊರಿನ ಹೆಸರಿಟ್ಟು ಬ್ರೌನವರ್ ಸ್ಟ್ರಾಸೆ ಮಾಡಿದರು. ಈಗಿನ ಹೆಸರು 1947ರದ್ದು. ಬರ್ಲಿನ್ನಿನ ಹಳೇ ಬೀದಿಗಳ ನಂಬರ್ ಇನ್ನೊಂದು ತಲೆನೋವು. ಒಂದು ಸಾಲಿನಲ್ಲಿ ಏರುತ್ತಾ ಹೋಗಿ, ತುದಿಯಲ್ಲಿ ತಿರುಗಿ, ಎದುರು ಸಾಲಿನಲ್ಲಿ ವಾಪಸ್ ಬರುತ್ತದೆ. ಬೀದಿ ಬೆಳೆದರೆ ಲೆಕ್ಕ ಎಲ್ಲ ಎಡವಟ್ಟು. ನಂಬರ್ ನಂಬಬೇಡಿ, ಮೂಲೆಯ ಹೆಂಡದಂಗಡಿ ನಂಬಿ. ಇಷ್ಟು ಗುಟ್ಟು ಬಿಟ್ಟುಕೊಡುತ್ತೇನೆ. ಕಾವಲುಗಾರನ ಹೆಸರಿನಿಂದ ಯಾಕೆ ಶುರು ಮಾಡಬೇಕು ಅನ್ನೋದನ್ನು ಮಾತ್ರ ಹೇಳುವುದಿಲ್ಲ.

ವಿಳಾಸ ಪುಸ್ತಕದಲ್ಲಿ ಇರುವುದು ಮನೆ ಹಿಡಿದವರ ಹೆಸರು. ಗಂಡನ ಜೊತೆ ಇದ್ದ ಹೆಂಗಸರಿಲ್ಲ, ಒಳಬಾಡಿಗೆಯವರಿಲ್ಲ, ರಾತ್ರಿಗೆ ಹಾಸಿಗೆ ಮಾತ್ರ ಹಿಡಿಯುತ್ತಿದ್ದ ಕೂಲಿಗಳಿಲ್ಲ. ಇದೇ ಕುತೂಹಲಕ್ಕೆ ಒಮ್ಮೆ 1920ರ ದಶಕದ ಸಂಪುಟಗಳಲ್ಲಿ ಸುಮ್ನೆ ಭಾರತೀಯರನ್ನು ಹುಡುಕಿದೆ. ಸರೋಜಿನಿ ನಾಯ್ಡು ಅವರ ತಮ್ಮ ವೀರೇಂದ್ರನಾಥ ಚಟ್ಟೋಪಾಧ್ಯಾಯ ಸೇರಿ ಆಗ ಬರ್ಲಿನ್ನಿನಲ್ಲಿ ನಮ್ಮವರು ಸಾಕಷ್ಟಿದ್ದರು. ವಿದ್ಯಾರ್ಥಿಗಳು ಹೆಚ್ಚಾಗಿ ಯಾರದೋ ಮನೆಯ ಒಂದು ಕೋಣೆಯಲ್ಲಿ ಇರುತ್ತಿದ್ದದ್ದರಿಂದ ಕೈಗೆ ಸಿಗುವ ಹೆಸರು ತೀರಾ ಕಡಿಮೆ. ಎರಡು ವಾರ ಹೋಯಿತು, ಒಂದು ಅಡಿಟಿಪ್ಪಣಿ ದಕ್ಕಿತು.

ಹಣ ಬೆಲೆ ಕಳೆದುಕೊಂಡ 1923ರ ಲೆಕ್ಕ ಇನ್ನೊಂದು ಹುಚ್ಚು. ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಕಟ್ಟಡದ ಬಾಡಿಗೆಯನ್ನು ಬ್ರೆಡ್ಡಿನ ಲೆಕ್ಕಕ್ಕೆ ತರಲು ಹೋದೆ. ಎಕ್ಸೆಲ್ ಕಾಲಮ್ಮಿನಲ್ಲಿ ಅಂಕೆ ಹಿಡಿಸದೆ ಬರೀ ಹ್ಯಾಶ್ ಗುರುತು. ಬಾಡಿಗೆಗೆ 1922ರ ಕಾನೂನಿನ ಮೂಗುದಾರ ಇದ್ದದ್ದರಿಂದ ವರ್ಷದ ಕೊನೆಗೆ ಅದು ಲೆಕ್ಕಕ್ಕೇ ಇಲ್ಲದಷ್ಟಾಗಿತ್ತು. ಮಾಲೀಕ ಅತ್ತಿರಬೇಕು ಅಂದುಕೊಳ್ಳುತ್ತೇವೆ. ಆದರೆ ಅವನ ಅಡಮಾನದ ಸಾಲವೂ ಅದೇ ನೀರಿನಲ್ಲಿ ಕೊಚ್ಚಿಹೋಗಿತ್ತು! ಸರ್ಕಾರ ಸುಮ್ಮನಿರಲಿಲ್ಲ. ಆ ಲಾಭದ ಮೇಲೆ 1924ರಿಂದ ಮನೆ ತೆರಿಗೆ ಹಾಕಿತು, ಆ ದುಡ್ಡಲ್ಲಿ ಹೊಸ ಬಡಾವಣೆಗಳೆದ್ದವು. ವಾಸ್ತುಶಿಲ್ಪಿಗಳಾದ ಬ್ರೂನೋ ಟೌಟ್ ಮತ್ತು ಮಾರ್ಟಿನ್ ವಾಗ್ನರ್ ಬ್ರಿಟ್ಸ್‌ನಲ್ಲಿ ಕಟ್ಟಿಸಿದ ಕುದುರೆಲಾಳದ ಆಕಾರದ ಬಡಾವಣೆ ನನ್ನ ಕಟ್ಟಡದಿಂದ ದೂರವೇನಿಲ್ಲ. ಅಲ್ಲಿಗೆ ಹೋಗಲು ಆದದ್ದು ಗುಮಾಸ್ತರಿಗೆ, ಒಳ್ಳೇ ಕಸುಬುದಾರರಿಗೆ. ಹಿತ್ತಲ ಕಟ್ಟಡದ ಕೂಲಿಗಳು ಇದ್ದಲ್ಲೇ ಇದ್ದರು. ಒಂದೇ ಕಟ್ಟಡ ಸಾಕಾಗುವುದಿಲ್ಲ ಅಂದವರಿಗೆ ಈ ಅಧ್ಯಾಯ ಓದಿ ಅನ್ನುತ್ತೇನೆ.

ಪುಸ್ತಕಕ್ಕೆ ಜೀವ ಬಂದದ್ದು ಮಾತ್ರ ಬರ್ಲಿನ್ ಪಕ್ಕದ ಪಾಟ್ಸ್‌ಡಾಮ್‌ನಲ್ಲಿ. ವಿಳಾಸ ಪುಸ್ತಕದಿಂದ ಒಂದು ಹೆಸರು ಮಾಯವಾದರೆ ಸಾಮಾನ್ಯವಾಗಿ ಏನೂ ವಿಶೇಷ ಇರುವುದಿಲ್ಲ. ಬರ್ಲಿನ್ನಿನ ಬಡವರು ಏಪ್ರಿಲ್ 1 ಮತ್ತು ಅಕ್ಟೋಬರ್ 1 ಬಂತೆಂದರೆ ಗಂಟುಮೂಟೆ ಕಟ್ಟುತ್ತಿದ್ದರು. ಆದರೆ 1940ರ ನಂತರ ಮಾಯವಾದ ಹೆಸರುಗಳನ್ನು ಅಲ್ಲಿನ ಬ್ರಾಂಡೆನ್‌ಬುರ್ಗ್ ರಾಜ್ಯ ಆರ್ಕೈವ್‌ನ ಕಡತಗಳಲ್ಲಿ ನೋಡಲೇಬೇಕು, ಗಡೀಪಾರಾದ ಯಹೂದಿಗಳ ಆಸ್ತಿ ಕಿತ್ತುಕೊಂಡ ಹಣಕಾಸು ಕಚೇರಿಯವು ಅವು. ನನ್ನ ಕಟ್ಟಡದ ಮೂರನೇ ಮಹಡಿಯ ಒಬ್ಬ ಯಹೂದಿ ವಿಧವೆಯ ಕಡತ ಅಲ್ಲಿ ಸಿಕ್ಕಿತು. ಗಡೀಪಾರಿಗೆ ಮುಂಚೆ ತುಂಬಿಸಿಕೊಳ್ಳುತ್ತಿದ್ದ 16 ಪುಟದ ಆಸ್ತಿ ಪಟ್ಟಿ. ಮೇಜು, ಕುರ್ಚಿ, ಪರದೆ, ಟವೆಲ್, ಕಾಲುಚೀಲ, ಪ್ರತಿಯೊಂದಕ್ಕೂ ಒಂದು ಸಾಲು. ಕುರ್ಚಿ ಮೂರು ಎಂದು ಬರೆದು, ಪಕ್ಕದಲ್ಲಿ 'ಒಂದು ಮುರಿದಿದೆ' ಎಂದು ಸೇರಿಸಿದ್ದಾರೆ. ಅದರ ಹಿಂದೆ ಸರ್ಕಾರಿ ಬೆಲೆಗಾರನ ಪಟ್ಟಿ, ಒಂದೊಂದು ವಸ್ತುವಿಗೆ ಒಂದೋ ಎರಡೋ ಮಾರ್ಕ್. ಅದರ ಹಿಂದೆ ಗ್ಯಾಸಿನ ಬಾಕಿ ಬಿಲ್ಲು. ಕೊನೆಗೆ ಮನೆ ಮಾಲೀಕನ ಪತ್ರ: ಮನೆಗೆ ಸೀಲ್ ಹಾಕಿದ್ದೀರಿ, ಅಷ್ಟು ತಿಂಗಳ ಬಾಡಿಗೆ ಯಾರು ಕೊಡುತ್ತಾರೆ? ಕಚೇರಿ ಕೊಟ್ಟಿದೆ. ರಸೀದಿಯೂ ಇದೆ. 1943ರ ವಿಳಾಸ ಪುಸ್ತಕದಲ್ಲಿ ಆ ವಿಧವೆಯ ಹೆಸರಿಲ್ಲ. ಅಕ್ಕಪಕ್ಕದ ಹೆಸರುಗಳು ಹಿಂದಿನ ವರ್ಷ ಇದ್ದ ಹಾಗೇ ಇವೆ. ಈ ಭಾಗಕ್ಕೆ ನಾನು ವ್ಯಾಖ್ಯಾನ ಬರೆಯಲಿಲ್ಲ. ಕಾಗದಗಳನ್ನು ಕಡತದಲ್ಲಿದ್ದ ಕ್ರಮದಲ್ಲೇ ಜೋಡಿಸಿದೆ.

ಪ್ರಕಾಶಕರ ವಿಷಯಕ್ಕೆ ಬಂದರೆ, ಮೊದಲು ಒಪ್ಪಿದ ವಿದ್ವತ್ ಪ್ರಕಾಶನ ಸುಮಾರು 6,000 ಯೂರೋ ಮುದ್ರಣ ವೆಚ್ಚ ನನ್ನಿಂದಲೇ ಕೇಳಿತು. ಇಲ್ಲಿ ಅದೇ ರೂಢಿ. ನಾನು ಕೊಡಲಿಲ್ಲ. ಒಂದು ಸಣ್ಣ ಪ್ರಕಾಶನ ಬಿಟ್ಟಿ ಹಾಕಿತು, ಮುಂಗಡ ಸೊನ್ನೆ. ಅಡಿಟಿಪ್ಪಣಿಗಳನ್ನು ಅರ್ಧಕ್ಕೆ ಇಳಿಸಿ ಅಂದರು, ಇಳಿಸಿದೆ. ನಾಯ್‌ಕೋಲ್ನ್‌ನ ಜನ ಕೊಂಡು ಓದಿದರು. ತಮ್ಮ ಬೀದಿ ಅಲ್ವಾ!

ಬದುಕು ನಡೆದದ್ದು ಬೇರೆ ದಾರಿಯಲ್ಲಿ. ಇಲ್ಲಿ ಅಟ್ಟದ ಮೇಲೆ ಅಜ್ಜನ ಪತ್ರಗಳ ಕಟ್ಟು ಇಟ್ಟುಕೊಂಡ ಮನೆಗಳು ಬಹಳ. 1941ರಲ್ಲಿ ನಾಜಿಗಳೇ ಹಳೇ ಲಿಪಿ ಬಿಡಿಸಿದ್ದರಿಂದ ಮೊಮ್ಮಕ್ಕಳಿಗೆ ಅದು ಓದಲು ಬರುವುದಿಲ್ಲ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತ ನಾನು ಅವರ ಅಜ್ಜನ ಪತ್ರ ಓದಿ ಹೇಳುತ್ತೇನೆ, ಪುಟಕ್ಕೆ 15 ಯೂರೋ. ಕೈಬರಹ ಕೆಟ್ಟದಾಗಿದ್ದರೆ ಇನ್ನೂ ಜಾಸ್ತಿ. ಮೊದಲ ಸಲ ಬಾಗಿಲು ತೆರೆದವರ ಮುಖ ನೋಡಬೇಕು ನೀವು. ಪುಸ್ತಕ ಬಂದ ಮೇಲೆ ಒಂದು ವಸತಿ ಸಹಕಾರ ಸಂಘ ನೂರು ವರ್ಷದ ಇತಿಹಾಸ ಬರೆಸಿತು. ಅದರ ದುಡ್ಡು 65 ಪರ್ಸೆಂಟ್ ಹುದ್ದೆಯ ಅರ್ಧ ವರ್ಷದ ಸಂಬಳಕ್ಕಿಂತ ಹೆಚ್ಚು. ಕಲಾವಿದರ ಮತ್ತು ಬರಹಗಾರರ ಸಾಮಾಜಿಕ ವಿಮೆಗೆ ಸೇರಿಕೊಂಡಿದ್ದೇನೆ, ಆರೋಗ್ಯ ವಿಮೆ, ಪಿಂಚಣಿಯ ಕಂತಿನಲ್ಲಿ ಅರ್ಧ ಮಾತ್ರ ನನ್ನ ಪಾಲು. ಸ್ವತಂತ್ರವಾಗಿ ಬರೆಯುವವರು ಮೊದಲು ಈ ಕೆಲಸ ಮುಗಿಸಿಕೊಳ್ಳಿ. ಎಲ್ಲ ಸೇರಿ ತಿಂಗಳಿಗೆ 2,500ರ ಸುಮಾರು ಬೀಳುತ್ತದೆ, ಕೆಲವು ತಿಂಗಳು ಏನೂ ಇಲ್ಲ.

ಈಗ ಹಿಡಿದಿರುವುದು ಬರ್ಲಿನ್ನಿನದೇ ಇನ್ನೊಂದು ಭಾಗ ವೆಡ್ಡಿಂಗ್‌ನ ಒಂದು ಕಟ್ಟಡ, ಈ ಸಲ 1960ರ ತನಕ. ವಿಳಾಸ ಪುಸ್ತಕ 1943ಕ್ಕೆ ನಿಂತುಬಿಡುತ್ತದಲ್ಲ, ಆಮೇಲಿನ ವರ್ಷಗಳಿಗೆ ಏನು ಮಾಡುತ್ತೀಯ ಎಂದು ಹೋದ ವಾರವೂ ಒಬ್ಬರು ಕೇಳಿದರು. ಅದಕ್ಕೊಂದು ಕಡತದ ಸಾಲು ಸಿಕ್ಕಿದೆ, ಬೀದಿವಾರು ಜೋಡಿಸಿದ್ದು, ತೆರೆದವರು ಕಡಿಮೆ. ಯಾವುದು ಅಂತ ಪುಸ್ತಕ ಅಚ್ಚಾದ ಮೇಲೆ ಹೇಳುತ್ತೇನೆ.