ವಿಜಯಪುರದ ಬಿಸಿಲಿನಲ್ಲಿ ಬಾಲ್ ಪೈಥಾನ್‌ಗೆ ಗೂಡು

ಹಾವು ಸಾಕುವ ಬಗ್ಗೆ ಸಿಗುವ ಸಲಹೆಗಳು ಬಹುಪಾಲು ಚಳಿ ದೇಶದವರವು. ಅವರಿಗೆ ಬಿಸಿ ಎಲ್ಲಿಂದ ತರುವುದು ಎಂಬ ಚಿಂತೆ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿ ಹಪ್ಪಳವಾಗುತ್ತದೆ. ಹಾಗಾಗಿ ಬಾಲ್ ಪೈಥಾನ್‌ಗೆ ಗೂಡು ಕಟ್ಟುವಾಗ ನಾನು ಲೆಕ್ಕವನ್ನು ತಿರುಗಿಸಿ ಹಾಕಿದೆ: ತೇವ ಒಳಗೆ ಉಳಿಯಬೇಕು, ಸೆಖೆ ಹೊರಗೆ ಉಳಿಯಬೇಕು.

ಮೊದಲು ಕಾನೂನು. ಪಂಚಮಿಗೆ ನಾವು ಹಾಲೆರೆಯುವ ನಾಗರ, ಹೊಲದ ಕೇರೆ ಹಾವು, ನಮ್ಮ ಹೆಬ್ಬಾವು, ಇವ್ಯಾವನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಬಾಲ್ ಪೈಥಾನ್ ಆಫ್ರಿಕಾದ ಸಣ್ಣ ಹೆಬ್ಬಾವು, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ. 2022ರ ತಿದ್ದುಪಡಿಯ ನಂತರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದವಿಲ್ಲದ ಹಾವಿಗೆ ಗೂಡು ಕಟ್ಟಿಸಬೇಡಿ.

ಮೀನಿನ ಗಾಜಿನ ತೊಟ್ಟಿಗೆ ಜಾಲರಿ ಮುಚ್ಚಳ ಹಾಕಿದರೆ ನಮ್ಮ ಹವೆಯಲ್ಲಿ ಕೆಲಸ ಕೆಡುತ್ತದೆ. ಸಿಂಪಡಿಸಿದ ತೇವವೆಲ್ಲ ಜಾಲರಿಯಿಂದ ಹಾರಿಹೋಗುತ್ತದೆ. ನಾಲ್ಕೂ ಕಡೆ ಗಾಜಿದ್ದರೆ ಅಡಗಿ ಬದುಕುವ ಈ ಹಾವು ಗಾಬರಿಯಾಗಿ ಆಹಾರ ಬಿಡುತ್ತದೆ. ನನ್ನದು ಪ್ಲೈವುಡ್ ಪೆಟ್ಟಿಗೆ: 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ, ಮುಂದೆ ಮಾತ್ರ ಗಾಜು. ಈ ಅಳತೆಗೆ 8×4 ಅಡಿಯ ಒಂದೇ ಹಾಳೆ ಸಾಕು. ತಳ 8 ಚದರಡಿ, ಮೇಲು 8, ಹಿಂಬದಿ 8, ಎರಡು ಪಕ್ಕ ಸೇರಿ 8, ಒಟ್ಟು 32. ಗರಗಸ ತಿನ್ನುವ ಮೂರ್ನಾಲ್ಕು ಮಿಲಿಮೀಟರನ್ನು ಬಡಿಗೇರರು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಮುಂಬದಿಯಲ್ಲಿ ಗಾಜಿನ ಕೆಳಗೆ, ಮೇಲೆ ಬರುವ ಪಟ್ಟಿಗಳಿಗೆ ಬೇರೆ ತುಂಡು ತನ್ನಿ: ಕೆಳಗೆ 4 ಇಂಚು, ಮೇಲೆ 2 ಇಂಚು.

ಪ್ಲೈ 18 ಮಿ.ಮೀ., ಐಎಸ್ 710 ಗುರುತಿನ ಮರೀನ್ ದರ್ಜೆ. ಅಗ್ಗದ ಹಾಳೆ ತೇವಕ್ಕೆ ಪದರ ಬಿಡುತ್ತದೆ. ಒಳಗೆ ನೀರಿನ ಮೂಲದ ಪಾಲಿಯುರಿಥೇನ್ ವಾರ್ನಿಷ್ ಮೂರು ಕೋಟ್, ಸಂದುಗಳಿಗೆ ಅಕ್ವೇರಿಯಂ ಸಿಲಿಕೋನ್. ಬಾತ್‌ರೂಮಿನ ಸಿಲಿಕೋನ್‌ನಲ್ಲಿ ಬೂಷ್ಟು ತಡೆಯುವ ರಾಸಾಯನಿಕ ಇರುತ್ತದೆ, ಬೇಡ. ಆಮೇಲೆ ವಾಸನೆ ಪೂರ್ತಿ ಹೋಗುವವರೆಗೆ, ಕನಿಷ್ಠ ಎರಡು ವಾರ, ಬಾಗಿಲು ತೆರೆದಿಡಿ.

ಗಾಜು 5 ಮಿ.ಮೀ., ಜಾರುವ ಎರಡು ತುಂಡು. ಟ್ರ್ಯಾಕ್ ಕೂರಿಸಿದ ಮೇಲೆಯೇ ಗಾಜಿನ ಅಳತೆ ಕೊಡಿ. ಶೋಕೇಸ್ ಬೀಗ ಹಾಕಲೇಬೇಕು. ಮೂಗು ತೂರುವಷ್ಟು ಸಂದು ಸಿಕ್ಕರೆ ಹಾವು ರಾತ್ರಿಯಿಡೀ ಅದನ್ನೇ ನೂಕುತ್ತದೆ.

ಗಾಳಿಗೆ 2 ಇಂಚಿನ ನಾಲ್ಕು ರಂಧ್ರ, ಸ್ಟೀಲ್ ಜಾಲರಿಯೊಂದಿಗೆ: ತಂಪು ತುದಿಯಲ್ಲಿ ಕೆಳಗೆ ಎರಡು, ಬಿಸಿ ತುದಿಯಲ್ಲಿ ಮೇಲೆ ಎರಡು. ಹೀಟರ್ ಇರುವುದು ಬಿಸಿ ತುದಿ, ಅದರ ಎದುರಿನದು ತಂಪು ತುದಿ. ಬೇಸಿಗೆಯಲ್ಲಿ ಎರಡನ್ನು ಮುಚ್ಚುತ್ತೇನೆ, ಆದರೆ ಟೇಪು ಹೊರಗಿನಿಂದ ಮಾತ್ರ. ಒಳಗೆ ಅಂಟಿಸಿದ ಟೇಪಿಗೆ ಹಾವು ಸಿಕ್ಕಿಕೊಂಡರೆ ಚರ್ಮವೇ ಕಿತ್ತು ಬರುತ್ತದೆ.

ತಳದ ಕೆಳಗೆ ಹಾಸುವ ವಿದ್ಯುತ್ ಹೀಟ್ ಮ್ಯಾಟ್ ಇಲ್ಲಿ ಉಪಯೋಗವಿಲ್ಲ, 18 ಮಿ.ಮೀ. ಮರ ಅದರ ಬಿಸಿಯನ್ನು ನುಂಗಿಬಿಡುತ್ತದೆ. ಮೇಲಿನಿಂದ 60 ವಾಟ್ ಸೆರಾಮಿಕ್ ಹೀಟರ್, ಪಿಂಗಾಣಿ ಹೋಲ್ಡರ್‌ನಲ್ಲಿ, ಸುತ್ತ ತಂತಿ ಪಂಜರ. ಡಿಸೆಂಬರ್, ಜನವರಿಯ ರಾತ್ರಿಗೆ ಇಷ್ಟು ಸಾಕು. ನಿಯಂತ್ರಣಕ್ಕೆ ಮೊಟ್ಟೆ ಇನ್‌ಕ್ಯುಬೇಟರ್‌ಗೆ ಬಳಸುವ ಎಸ್‌ಟಿಸಿ-1000 ಥರ್ಮೋಸ್ಟಾಟ್, 32 ಡಿಗ್ರಿಗೆ ಇಟ್ಟು ವ್ಯತ್ಯಾಸ 1 ಡಿಗ್ರಿ, ಅಂದರೆ 31ಕ್ಕೆ ಇಳಿದಾಗ ಹೀಟರ್ ಮತ್ತೆ ಹೊತ್ತುತ್ತದೆ. ವೈರಿಂಗ್ ಬಲ್ಲವರಿಂದಲೇ ಮಾಡಿಸಿ. ಅದರ ಸೆನ್ಸರನ್ನು ಹೀಟರ್ ಕೆಳಗೆ, ತಳದ ಹಾಸಿನಿಂದ ಎರಡು ಇಂಚು ಮೇಲೆ ಕ್ಲಿಪ್ ಹಾಕಿ ಬಿಗಿಯಬೇಕು. ಹಾವು ಅದನ್ನು ನೂಕಿ ನೀರಿನ ಬಟ್ಟಲಿಗೆ ಬೀಳಿಸಿದರೆ ಯಂತ್ರ ಚಳಿ ಎಂದು ತಿಳಿದು ಹೀಟರ್ ಆರಿಸುವುದೇ ಇಲ್ಲ. ಸುಟ್ಟಗಾಯ ಆಗುವುದು ಹೀಗೆ. ತಂಪು ತುದಿ 25ರಿಂದ 27 ಡಿಗ್ರಿ ಇರಬೇಕು.

ತಳದ ಹಾಸಿಗಾಗಿ 5 ಕೆ.ಜಿ.ಯ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ. ನೆನೆದರೆ ಮೂರಿಂಚು ದಪ್ಪ ಹರಡುವಷ್ಟಾಗುತ್ತದೆ. ಕಟ್ಟಿಗೆ ಅಡ್ಡೆಯ ಹೊಟ್ಟು ಯಾವ ಮರದ್ದೋ ಗೊತ್ತಾಗದು, ಪೈನ್, ಸೀಡರ್ ಎಣ್ಣೆ ಉಸಿರಿಗೆ ಕೆಟ್ಟದ್ದು. ದಿನಾ ಸಿಂಪಡಿಸುವ ಬದಲು ಮೂಲೆಗಳಲ್ಲಿ ನೀರು ಸುರಿಯುತ್ತೇನೆ: ತಳ ಒದ್ದೆ, ಮೇಲ್ಪದರ ಒಣ. ಸಿಂಪಡಿಸಿದರೆ ನಮ್ಮ ಬೋರಿನ ಗಡಸು ನೀರು ಗಾಜಿಗೆ ಬಿಳಿ ಕಲೆ ಬಿಡುತ್ತದೆ. ತೇವಾಂಶ 55ರಿಂದ 65 ಶೇಕಡಾ, ಪೊರೆ ಬಿಡುವಾಗ 70. ಕಡಿಮೆಯಾದರೆ ಪೊರೆ ತುಂಡುತುಂಡಾಗಿ ಬಂದು ಕಣ್ಣಿನ ಮೇಲಿನದು ಅಲ್ಲೇ ಉಳಿಯುತ್ತದೆ. ಗಾಳಿಯಿಲ್ಲದೆ ಮೇಲ್ಪದರವೂ ಒದ್ದೆಯಾದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ.

ಅಡಗಲು ಎರಡು ಗಡಿಗೆ, ಒಂದು ಬಿಸಿ ತುದಿಗೆ, ಒಂದು ತಂಪಿಗೆ. ಕುಂಬಾರರ ಗಡಿಗೆಯ ಬಾಯಿಯನ್ನು ಹಾವು ಸಲೀಸಾಗಿ ನುಸುಳುವಷ್ಟು ಕತ್ತರಿಸಿ ಅಂಚನ್ನು ಉಪ್ಪು ಕಾಗದದಿಂದ ಉಜ್ಜಿ. ತಂಪು ಕಡೆಯದನ್ನು ಹೊರಗಿನಿಂದ ಒದ್ದೆ ಮಾಡಿದರೆ ನೀರಿನ ಕೊಡದಂತೆ ತಾನೇ ತಣಿಯುತ್ತದೆ.

ಬೇಸಿಗೆಗೆ ಜಾಗದ ಆಯ್ಕೆಯೇ ಅರ್ಧ ಕೆಲಸ. ಪತ್ರಾಸ್ ಮನೆ, ಸ್ಲ್ಯಾಬಿನ ಕೆಳಗಿನ ಮೇಲ್ಮಹಡಿ, ಪಶ್ಚಿಮದ ಗೋಡೆ ಬೇಡ. ಕೆಳಮನೆಯಲ್ಲಿ, ಫರಸಿ ನೆಲದ ಮೇಲೆ ನೇರ ಇಡಿ. ಪೆಟ್ಟಿಗೆಯೊಳಗೆ 35 ಡಿಗ್ರಿ ದಾಟುವುದು ಅಪಾಯ. ಫ್ಯಾನ್ ಕೂರಿಸಿದರೆ ಅದು ಕೋಣೆಯ ಬಿಸಿ ಗಾಳಿಯನ್ನೇ ಎಳೆದು ತೇವವನ್ನೂ ಒಯ್ಯುತ್ತದೆ. ಕೋಣೆಗೆ ಏರ್ ಕೂಲರ್ ಇಡುವುದು ಸರಿ, ನಮ್ಮ ಒಣ ಗಾಳಿಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಲೈಟ್ ಹೋದ ಮಧ್ಯಾಹ್ನಕ್ಕೆ ಎರಡು ಲೀಟರಿನ ಹೆಪ್ಪುಗಟ್ಟಿಸಿದ ಬಾಟಲಿ ಬಟ್ಟೆಯಲ್ಲಿ ಸುತ್ತಿ ತಂಪು ತುದಿಯ ಮೇಲ್ಹಲಗೆಯ ಮೇಲಿಡುತ್ತೇನೆ, ಒಳಗಲ್ಲ.

ಹಾವು ಬಿಡುವ ಮೊದಲು ಒಂದು ವಾರ ಖಾಲಿ ಪೆಟ್ಟಿಗೆ ನಡೆಸಿ. ಎರಡು ತುದಿಗೂ ಡಿಜಿಟಲ್ ಮಾಪಕ ಇಟ್ಟು ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ ಬರೆದುಕೊಳ್ಳಿ. ಮುಳ್ಳಿನ ಮಾಪಕ ನಂಬಬೇಡಿ. ಅಂಕಿಗಳು ನಿಂತ ಮೇಲೆ ಹಾವು ಬಿಟ್ಟು, ಮತ್ತೊಂದು ವಾರ ಮುಟ್ಟದೆ, ಆಮೇಲೆ ಮೊದಲ ಇಲಿ ಕೊಡಿ.