ಪ್ರಾಗ್ ಸುತ್ತಲು ಹೊರಟವರು ಮೊದಲು ಕಲಿಯಬೇಕಾದದ್ದು ಹಣ ಬದಲಿಸುವುದನ್ನು

ಚೆಕ್ ಗಣರಾಜ್ಯವು 2004ರಲ್ಲಿ ಐರೋಪ್ಯ ಒಕ್ಕೂಟಕ್ಕೂ 2007ರ ಕೊನೆಯಲ್ಲಿ, ಒಂದೇ ವೀಸಾದಲ್ಲಿ ಹಲವು ದೇಶ ಸುತ್ತಬಹುದಾದ ಷೆಂಗೆನ್ ವಲಯಕ್ಕೂ ಸೇರಿದೆಯಾದರೂ ಯೂರೊ ನಾಣ್ಯವನ್ನು ಒಪ್ಪಿಕೊಂಡಿಲ್ಲ. ಅಲ್ಲಿ ಚಲಾವಣೆಯಲ್ಲಿರುವುದು ಕೊರುನಾ. ಷೆಂಗೆನ್ ವೀಸಾ ಪಡೆದು ಪ್ಯಾರಿಸ್, ವಿಯೆನ್ನಾಗಳ ಜೊತೆಗೆ ಪ್ರಾಗ್ ನಗರವನ್ನೂ ಸೇರಿಸಿಕೊಳ್ಳುವ ನಮ್ಮವರು ಜೇಬು ತುಂಬ ಯೂರೊ ಇಟ್ಟುಕೊಂಡು ಬಂದಿಳಿಯುತ್ತಾರೆ. ಹಳೆಯ ಪಟ್ಟಣದ ಚೌಕದ ಬಳಿ ಹಣ ವಿನಿಮಯದ ಕಿಟಕಿಯೆದುರು ನಿಂತು, ಎಣಿಸಿದ ನೋಟುಗಳನ್ನೇ ಮತ್ತೆ ಮತ್ತೆ ಎಣಿಸುವವರನ್ನು ನೋಡಿದಾಗಲೆಲ್ಲ ಇದನ್ನು ಯಾರಾದರೂ ಬಿಡಿಸಿ ಹೇಳಬಾರದಿತ್ತೇ ಎನಿಸುತ್ತದೆ.

ಮೊದಲ ಹಂತ ಊರಿನಲ್ಲೇ ಮುಗಿಯಬೇಕು. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಬಳಕೆ ಸಾಮಾನ್ಯವಾಗಿ ಮುಚ್ಚಿರುತ್ತದೆ; ಹೊರಡುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು ಮಿತಿ ನಿಗದಿಪಡಿಸಿ. ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡ್ ಇದ್ದರೆ ಅದರಲ್ಲಿ ಕೊರುನಾ ಇರುವುದು ಅಪರೂಪ, ಯೂರೊದಿಂದ ಕಡಿತವಾದಾಗ ತಗಲುವ ಶುಲ್ಕವನ್ನು ಮೊದಲೇ ಕೇಳಿಕೊಳ್ಳಿ.

ಎರಡನೆಯದು ನಗದು. ಇಲ್ಲಿಯೇ ಎಲ್ಲರೂ ಎಡವುವುದು. ವಿನಿಮಯ ಕಿಟಕಿಯ ಫಲಕದಲ್ಲಿ ‘ಕಮಿಷನ್ ಶೂನ್ಯ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದು ನಿಜವೇ ಆಗಿದ್ದರೂ ಲಾಭವನ್ನು ದರದಲ್ಲಿಯೇ ಅಡಗಿಸಿರುತ್ತಾರೆ. ಫಲಕದಲ್ಲಿ ಎರಡು ದರಗಳಿರುತ್ತವೆ: ಅವರು ಯೂರೊ ಮಾರುವ ದರ ಮತ್ತು ಕೊಳ್ಳುವ ದರ. ನಾವು ಯೂರೊ ಕೊಡುತ್ತಿರುವುದರಿಂದ ನಮಗೆ ಅನ್ವಯಿಸುವುದು ಕೊಳ್ಳುವ ದರ ಮಾತ್ರ; ಕಣ್ಣಿಗೆ ರಾಚುವಂತೆ ಬರೆದಿರುವ ಆಕರ್ಷಕ ಸಂಖ್ಯೆ ಎಷ್ಟೋ ಕಡೆ ಮಾರುವ ದರದ್ದು, ಇಲ್ಲವೇ ದೊಡ್ಡ ಮೊತ್ತ ಬದಲಿಸುವವರಿಗಷ್ಟೇ ಮೀಸಲಾದದ್ದು. ಈಚಿನ ವರ್ಷಗಳಲ್ಲಿ ಒಂದು ಯೂರೊಗೆ 24–25 ಕೊರುನಾದ ಆಸುಪಾಸಿನ ದರವಿದೆ. ಅಂದಿನ ದರವನ್ನು ಚೆಕ್ ರಾಷ್ಟ್ರೀಯ ಬ್ಯಾಂಕಿನ ಜಾಲತಾಣದಲ್ಲಿ ನೋಡಿಕೊಂಡು ಹೋಗಿ, ನೋಟು ಕಿಟಕಿಯೊಳಗೆ ತೂರಿಸುವ ಮೊದಲೇ ‘ನೂರು ಯೂರೊ ಕೊಟ್ಟರೆ ಕೈಗೆ ಎಷ್ಟು ಕೊರುನಾ ಬರುತ್ತದೆ’ ಎಂಬ ಒಂದೇ ಪ್ರಶ್ನೆ ಕೇಳಿ. ಉತ್ತರವನ್ನು ಕಾಗದದ ಮೇಲೆ ಬರೆದು ತೋರಿಸಲು ಹಿಂಜರಿಯುವ ಕಿಟಕಿಯ ಮುಂದೆ ಕ್ಷಣವೂ ನಿಲ್ಲಬೇಡಿ.

ಮೋಸಹೋದದ್ದು ಆಮೇಲೆ ತಿಳಿದರೂ ದಾರಿಯಿದೆ. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ 1000 ಯೂರೊವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ, ಕಾರಣ ಹೇಳದೆಯೇ ರದ್ದುಪಡಿಸಿ ಹಣ ಹಿಂಪಡೆಯಬಹುದು. ಆದ್ದರಿಂದ ರಸೀದಿಯನ್ನು ಎಸೆಯಬೇಡಿ. ಬೀದಿಯಲ್ಲಿ ಬಳಿಬಂದು ಒಳ್ಳೆಯ ದರ ಕೊಡುತ್ತೇನೆನ್ನುವವರಿಂದ ಮಾತ್ರ ಯಾವ ನಿಯಮವೂ ಕಾಪಾಡದು. ಅವರು ಕೊಡುವುದು ಎಷ್ಟೋ ಬಾರಿ ಬೇರೆ ದೇಶದ ರದ್ದಾದ ನೋಟು. ಕೊರುನಾ ನೋಟಿನ ಗುರುತು ಸುಲಭ: ನೂರರ ನೋಟಿನ ಮೇಲೆ ಕಿರೀಟ ಧರಿಸಿದ ನಾಲ್ಕನೆಯ ಚಾರ್ಲ್ಸ್ ದೊರೆಯ ಮುಖವಿದೆ.

ನನ್ನ ಮಟ್ಟಿಗೆ ಹೇಳುವುದಾದರೆ ವಿನಿಮಯ ಕಿಟಕಿಯ ತಂಟೆಗೇ ಹೋಗದೆ ಬ್ಯಾಂಕಿನ ಕಟ್ಟಡಕ್ಕೆ ಹೊಂದಿಕೊಂಡ ಎಟಿಎಂನಿಂದ ಹಣ ತೆಗೆಯುವುದೇ ಮೇಲು. ಅಂಗಡಿ ಮುಂಗಟ್ಟುಗಳಲ್ಲಿ ಒಂಟಿಯಾಗಿ ನಿಂತಿರುವ, ಬ್ಯಾಂಕಿನ ಹೆಸರಿಲ್ಲದ ಯಂತ್ರಗಳು ದುಬಾರಿ. ಯಾವ ಯಂತ್ರವಾದರೂ ಕೊನೆಯಲ್ಲಿ ಒಂದು ಪರದೆ ತೋರಿಸಿ, ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ಕಡಿತ ಮಾಡಲೇ ಎಂದು ಕೇಳುತ್ತದೆ. ರೂಪಾಯಿ ಕಂಡೊಡನೆ ನೆಮ್ಮದಿಯಾಗಿ ‘ಹೌದು’ ಒತ್ತುವವರೇ ಹೆಚ್ಚು, ನಷ್ಟವಾಗುವುದೂ ಅಲ್ಲಿಯೇ. ಪರಿವರ್ತನೆ ನಿರಾಕರಿಸಿ ಕೊರುನಾದಲ್ಲಿಯೇ ಮುಂದುವರಿಯಿರಿ. ವ್ಯವಹಾರ ರದ್ದಾಗುವುದೇನೋ ಎಂಬ ಭಯ ಹುಟ್ಟಿಸುವಂತೆ ಬರೆದಿದ್ದರೂ ಹಣ ಬರುತ್ತದೆ. ಅಂಗಡಿಯಲ್ಲಿ ಕಾರ್ಡ್ ಒತ್ತುವಾಗಲೂ ಇದೇ ಪ್ರಶ್ನೆ, ಇದೇ ಉತ್ತರ. ಎರಡು ಸಾವಿರದ ಬದಲು 1900 ಕೇಳಿದರೆ ಚಿಲ್ಲರೆ ನೋಟುಗಳೂ ಸಿಗುತ್ತವೆ.

ಮೂರನೆಯ ಹಂತ ಟಿಕೆಟ್. ಮೆಟ್ರೊದಲ್ಲಿ ಎ, ಬಿ, ಸಿ ಎಂಬ ಮೂರು ಮಾರ್ಗಗಳಿದ್ದು, ನಿಲ್ದಾಣಗಳಲ್ಲಿ ತಡೆಗೇಟುಗಳೇ ಇಲ್ಲ. ನೇರವಾಗಿ ಎಸ್ಕಲೇಟರ್ ಹತ್ತಿಬಿಡಬಹುದು. ಕಾಗದದ ಟಿಕೆಟ್ ಕೊಂಡಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಎಸ್ಕಲೇಟರ್‌ಗೆ ಮುನ್ನ ನಿಂತಿರುವ ಹಳದಿ ಪೆಟ್ಟಿಗೆಯ ಬಾಯಿಗೆ ಬಾಣದ ಗುರುತಿನ ತುದಿಯನ್ನು ತೂರಿಸಿದರೆ ಟಕ್ಕೆಂದು ಸಮಯ ಅಚ್ಚಾಗುತ್ತದೆ. ಅಚ್ಚು ಬೀಳದ ಟಿಕೆಟ್ ಹಿಡಿದವರು ತಪಾಸಣೆದಾರರ ಲೆಕ್ಕದಲ್ಲಿ ಟಿಕೆಟ್ ಇಲ್ಲದವರೇ, ಮತ್ತು ಆ ತಪಾಸಣೆದಾರರು ಸಾಮಾನ್ಯ ಉಡುಪಿನಲ್ಲಿರುತ್ತಾರೆ. ಒಮ್ಮೆ ಅಚ್ಚಾದದ್ದನ್ನು ಇನ್ನೊಂದು ಟ್ರಾಮ್ ಹತ್ತಿದಾಗ ಮತ್ತೆ ಒತ್ತಿ ಕೆಡಿಸಬೇಡಿ. ಟ್ರಾಮಿನೊಳಗಿನ ಯಂತ್ರಕ್ಕೆ ಕಾರ್ಡ್ ಮುಟ್ಟಿಸಿ ಕೊಂಡ ಟಿಕೆಟ್‌ಗೆ ಅಚ್ಚು ಬೇಕಿಲ್ಲ.

ಇನ್ನು ಸುತ್ತಾಟ. ಚಾರ್ಲ್ಸ್ ಸೇತುವೆಯಿಂದ ಕೋಟೆಗೆ ಏರುವುದು ಎಲ್ಲರ ರೂಢಿ. ಅದನ್ನು ತಿರುವುಮುರುವು ಮಾಡಿ. 22ನೇ ಸಂಖ್ಯೆಯ ಟ್ರಾಮ್ ಹಿಡಿದು ಪೊಹೊರ್ಜೆಲೆಟ್ಸ್ ನಿಲುಗಡೆಯಲ್ಲಿ ಇಳಿದರೆ ಸ್ಟ್ರಾಹೋವ್ ಮಠದ ಪಕ್ಕದಿಂದ ಪ್ರಾಗ್ ಕೋಟೆಯವರೆಗೆ ಇಳಿಜಾರೇ. ಕೋಟೆಯ ಅಂಗಳಗಳಿಗೆ ಶುಲ್ಕವಿಲ್ಲ. 1344ರಲ್ಲಿ ಅಡಿಗಲ್ಲು ಬಿದ್ದು 1929ರಲ್ಲಿ ಮುಗಿದ ಸಂತ ವಿಟಸ್ ಪ್ರಧಾನ ದೇಗುಲದೊಳಗೆ ಚೆಕ್ ಕಲಾವಿದ ಆಲ್ಫೋನ್ಸ್ ಮೂಖಾ ರೂಪಿಸಿದ ಬಣ್ಣಗಾಜಿನ ಕಿಟಕಿಯಿದೆ. ಭಾನುವಾರ ಬೆಳಗ್ಗೆ ಪ್ರಾರ್ಥನೆಯಿರುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನದ ನಂತರವೇ ಪ್ರವೇಶ. ಯಹೂದಿ ಬಡಾವಣೆ ಯೊಸೆಫೊವ್‌ನ ವಸ್ತುಸಂಗ್ರಹಾಲಯಗಳು ಶನಿವಾರ ಮುಚ್ಚಿರುತ್ತವೆ. 1357ರಲ್ಲಿ ಚಾರ್ಲ್ಸ್ ದೊರೆ ಅಡಿಗಲ್ಲಿಟ್ಟ ಸೇತುವೆಗೆ ಸೂರ್ಯೋದಯದ ಹೊತ್ತಿಗೆ ಹೋಗಿ, ಇಲ್ಲವಾದರೆ ಹೋಗಲೇಬೇಡಿ. ಹತ್ತು ಗಂಟೆಯ ನಂತರ ಅಲ್ಲಿ ಕಾಣುವುದು ಬೆನ್ನುಗಳು ಮಾತ್ರ.

ಹಳೆಯ ಪಟ್ಟಣದ ಪುರಭವನದ ಗೋಡೆಯಲ್ಲಿರುವ 1410ರ ಖಗೋಳ ಗಡಿಯಾರದ ಗೊಂಬೆಯಾಟ ಒಂದು ನಿಮಿಷವೂ ಇರುವುದಿಲ್ಲ, ಅಷ್ಟರಲ್ಲಿ ಜೇಬುಗಳ್ಳರಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಮೇಲೆ ನೋಡಿದ್ದು ಮುಗಿದ ಮೇಲೆ ಅದೇ ಪುರಭವನದ ಪಕ್ಕದ ನೆಲವನ್ನೂ ನೋಡಿ: 1621ರಲ್ಲಿ ಅಲ್ಲಿ ಮರಣದಂಡನೆಗೆ ಗುರಿಯಾದ 27 ಮಂದಿಯ ನೆನಪಿಗೆ ಕಲ್ಲಿನಲ್ಲಿ 27 ಬಿಳಿ ಶಿಲುಬೆಗಳಿವೆ. ಎಲ್ಲರೂ ತುಳಿದುಕೊಂಡೇ ಹೋಗುತ್ತಾರೆ.

ಸಸ್ಯಾಹಾರಿಗಳು ‘ಬೆಜ್ ಮಾಸಾ’, ಅಂದರೆ ಮಾಂಸವಿಲ್ಲದ್ದು, ಎಂದು ಕೇಳುವುದರ ಜೊತೆಗೆ ಸೂಪ್‌ನ ನೀರು ಯಾವುದರದ್ದೆಂದೂ ಕೇಳಬೇಕು. ಕರಿದ ಚೀಸ್ ಎಲ್ಲೆಡೆ ಸಿಗುತ್ತದೆ. ಆಲೂಗಡ್ಡೆಯ ‘ಬ್ರಾಂಬೊರಾಕ್’ನಲ್ಲಿ ಮೊಟ್ಟೆಯಿರುತ್ತದೆ. ಬೀದಿಬೀದಿಯಲ್ಲಿ ‘ಪುರಾತನ ಚೆಕ್ ತಿನಿಸು’ ಎಂದು ಮಾರುವ, ಸುಟ್ಟ ಹಿಟ್ಟಿನ ಸಿಹಿ ಸುರುಳಿಯಾದ ಟ್ರ್ಡೆಲ್ನಿಕ್‌ಗೆ ಪ್ರಾಗ್‌ನಲ್ಲಿ ಅಂಥ ಪುರಾತನ ಚರಿತ್ರೆಯೇನೂ ಇಲ್ಲ, ಐಸ್‌ಕ್ರೀಮ್ ತುಂಬಿಸಿದ್ದಕ್ಕಂತೂ ಹಣ ದಂಡ.

ಹಿಂದಿರುಗುವಾಗ ಮೆಟ್ರೊದ ಎ ಮಾರ್ಗದಲ್ಲಿ ನಾದ್ರಾಜಿ ವೆಲೆಸ್ಲಾವೀನ್ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ವಿಮಾನ ನಿಲ್ದಾಣಕ್ಕೆ 59ನೇ ಸಂಖ್ಯೆಯ ಟ್ರಾಲಿಬಸ್ ಹಿಡಿಯಿರಿ. ದುಬೈ, ದೋಹಾ ಮಾರ್ಗವಾಗಿ ಹೊರಡುವವರು ಒಂದನೆಯ ಟರ್ಮಿನಲ್‌ನಲ್ಲಿಯೂ ಫ್ರಾಂಕ್‌ಫರ್ಟ್ ಮಾರ್ಗವಾಗಿ ಹೊರಡುವವರು ಎರಡನೆಯದರಲ್ಲಿಯೂ ಇಳಿಯಬೇಕು. ಫ್ರಾಂಕ್‌ಫರ್ಟ್ ಕೂಡ ಷೆಂಗೆನ್ ವಲಯದಲ್ಲೇ ಇರುವುದರಿಂದ ಎರಡನೆಯ ಗುಂಪಿನವರಿಗೆ ವಲಸೆ ತಪಾಸಣೆ ನಡೆಯುವುದು ಪ್ರಾಗ್‌ನಲ್ಲಲ್ಲ, ಫ್ರಾಂಕ್‌ಫರ್ಟ್‌ನಲ್ಲಿ. ಮುಂದಿನ ವಿಮಾನಕ್ಕೆ ನಡುವೆ ಎರಡು ಗಂಟೆಯಾದರೂ ಇರುವಂಥ ಟಿಕೆಟ್ಟನ್ನೇ ಕೊಳ್ಳಿ.