ಸವಳು ಭೂಮಿಯ ಗಂಧಕಜೀವಿ: ಗ್ಲೋವ್ ಬಾಕ್ಸ್ ಇಲ್ಲದೆ ಬೆಳೆಸಿದ ನನ್ನ ಅನುಭವ

ಹೋದ ತಿಂಗಳು ಆಗರ್ ಟ್ಯೂಬಿನ ತಳದಲ್ಲಿ ನಸುಗುಲಾಬಿ ಚುಕ್ಕೆಗಳು ಕಂಡವು. ಸಾಸಿವೆ ಕಾಳಿಗಿಂತ ಸಣ್ಣವು, ಅಂಚು ನುಣುಪು. ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ಡೆಸಲ್ಫ್ಯುರೊಮೊನಾಸ್! ಆಮ್ಲಜನಕವಿಲ್ಲದ ಕಡೆ ಗಂಧಕದ ಮೇಲೆ ಬದುಕುವ ಬ್ಯಾಕ್ಟೀರಿಯಾ. ಇದಕ್ಕಾಗಿ ಎರಡೂವರೆ ವರ್ಷ ಒದ್ದಾಡಿದ್ದೇನೆ.

"ಗ್ಲೋವ್ ಬಾಕ್ಸ್ ಇಲ್ದ ಇದು ಆಗೂದಿಲ್ರಿ ಸರ, ಸುಮ್ನ ರೊಕ್ಕ ಹಾಳು" ಎಂದವರು ಒಬ್ಬಿಬ್ಬರಲ್ಲ. ಗ್ಲೋವ್ ಬಾಕ್ಸ್ ಎಂದರೆ ಆಮ್ಲಜನಕವಿಲ್ಲದ ಮುಚ್ಚಿದ ಪೆಟ್ಟಿಗೆ, ಕೈಗವಸಿನ ಮೂಲಕ ಒಳಗೆ ಕೆಲಸ ಮಾಡುವುದು. ಕೊಟೇಶನ್ ತರಿಸಿದ್ದೆ, ಹತ್ತು ಲಕ್ಷದ ಮೇಲಿತ್ತು. ನಮ್ಮ ವಿಭಾಗಕ್ಕೆ ವರ್ಷವಿಡೀ ಕೆಮಿಕಲ್ಸ್‌ಗೆ ಸಿಗುವುದು ನಲವತ್ತು ಸಾವಿರದ ಆಸುಪಾಸು. ಹಾಗಾಗಿ ಆಮ್ಲಜನಕವಿಲ್ಲದ ಗ್ಯಾಸ್ ಹಾಯಿಸಿ ಬಾಟಲಿಯ ಗಾಳಿ ಹೊರಹಾಕಿ ಮುಚ್ಚುವ ಹಂಗೇಟ್ ವಿಧಾನವೇ ಗತಿ ಎಂದು ಕೂತೆ.

ಮಣ್ಣಿಗೆ ನಮ್ಮಲ್ಲಿ ಬರವಿಲ್ಲ. ಜಮಖಂಡಿ, ಅಥಣಿ ಕಡೆ ಕೃಷ್ಣೆಯ ದಂಡೆಯಲ್ಲಿ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳು-ಜವಳಾದ ಎರೆಹೊಲಗಳು ಬೇಕಾದಷ್ಟಿವೆ. ಕಾಕಾನ ಹೊಲದಲ್ಲೇ ಎರಡು ಎಕರೆ ಪಡ ಬಿದ್ದಿದೆ. ಬೇಸಿಗೆ ಬಂತೆಂದರೆ ಸುಣ್ಣ ಚೆಲ್ಲಿದ ಹಾಗೆ ಉಪ್ಪು ಏಳುತ್ತದೆ. ಅಲ್ಲಿನ ಬಸಿಗಾಲುವೆಯ ಕರಿ ಕೆಸರು ತಂದೆ. ಎಷ್ಟು ಆಳದ್ದು, ಯಾವ ತಿಂಗಳಿನದ್ದು ಎಂಬುದು ನನ್ನ ಹತ್ತಿರವೇ ಇರಲಿ. ಅದನ್ನು ತಿಳಿಯಲು ಮೂರು ಬೇಸಿಗೆ ಹೋಗಿವೆ.

ಮೊದಲ ಸಲ ಐದೇ ದಿನಕ್ಕೆ ಕೊಳೆತ ಮೊಟ್ಟೆಯ ವಾಸನೆ ಬಂತು. ಆ ವಾಸನೆಯ ಹೈಡ್ರೋಜನ್ ಸಲ್ಫೈಡ್ ತಗಲಿದರೆ ಬಣ್ಣ ಬದಲಿಸುವ ಲೆಡ್ ಅಸಿಟೇಟ್ ಕಾಗದ ಕಪ್ಪಾಯಿತು. ವಿಭಾಗದಲ್ಲಿ ಎಲ್ಲರಿಗೂ ಪೇಡೆ ಹಂಚಿದೆ. ಮರುದಿನ ನೋಡಿದರೆ ಗಂಧಕ ಹಾಕದೆ ಇಟ್ಟ ಬಾಟಲಿಯ ಕಾಗದವೂ ಅಷ್ಟೇ ಕಪ್ಪು. ಎರೆಮಣ್ಣಿನಲ್ಲಿ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಇರುತ್ತದೆ ಅಲ್ವಾ, ಆ ಸಲ್ಫೇಟ್ ಹಿಡಿದು ಡೆಸಲ್ಫೋವಿಬ್ರಿಯೊ ಜಾತಿಯವು ಬೆಳೆದಿದ್ದವು. ನನಗೆ ಬೇಕಾದದ್ದು ಸಲ್ಫೇಟ್ ಮುಟ್ಟದೆ, ಅಸಿಟೇಟ್ ತಿಂದು ಬರೀ ಗಂಧಕದ ಮೇಲೆ ಬದುಕುವ ಜೀವಿ. ಬಾಟಲಿಯ ಪೋಷಕ ದ್ರಾವಣದಿಂದ ಮೆಗ್ನೀಷಿಯಂ ಸಲ್ಫೇಟ್ ತೆಗೆದು ಮೆಗ್ನೀಷಿಯಂ ಕ್ಲೋರೈಡ್ ಹಾಕಿದೆ. ಉಪ್ಪು ಶೇ. 2. ಒಂದಕ್ಕೆ ಹತ್ತರಂತೆ ಮುಂದಿನ ಬಾಟಲಿಗೆ ದಾಟಿಸುತ್ತ ಹೋದೆ. ಐದನೆಯ ಸಲಕ್ಕೆ ಗಂಧಕವಿಲ್ಲದ ಬಾಟಲಿಯ ಕಾಗದ ಬೆಳ್ಳಗೇ ಉಳಿಯಿತು.

ನಿಜವಾದ ಪೆಟ್ಟು ಬಿದ್ದದ್ದು ಗಂಧಕದಲ್ಲಿ. ದ್ರಾಕ್ಷಿಯ ಬೂದಿ ರೋಗಕ್ಕೆ ಹೊಡೆಯುವ ಶೇ. 80ರ ಗಂಧಕ ಇಲ್ಲಿ ಪ್ರತಿ ಗೊಬ್ಬರದಂಗಡಿಯಲ್ಲೂ ಸಿಗುತ್ತದೆ. ಕಡಿಮೆ ಬೆಲೆ ಎಂದು ಅದನ್ನೇ ಹಾಕಿದೆ. ನೀರಲ್ಲಿ ಚೆನ್ನಾಗಿ ಬೆರೆಯಲಿ ಎಂದು ಅದಕ್ಕೆ ಬೆರೆಸಿರುವ ಉಳಿದ ಸರಕನ್ನು ಬೇರೆ ಬ್ಯಾಕ್ಟೀರಿಯಾ ತಿಂದು ಬಾಟಲಿ ಮೊಸರಿನ ಹಾಗಾಯಿತು. ಆಮೇಲೆ ಕೆಮಿಕಲ್ ಅಂಗಡಿಯ ಗಂಧಕದ ಪುಡಿ ತಂದು, ರೂಢಿಯಂತೆ ಸೂಕ್ಷ್ಮಜೀವಿ ಸಾಯಲಿ ಎಂದು ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ ಆಟೋಕ್ಲೇವ್ ಮಾಡಿದೆ. ತೆಗೆದು ನೋಡಿದರೆ ಪುಡಿ ಇಲ್ಲ! ತಳದಲ್ಲಿ ಬಟಾಣಿ ಗಾತ್ರದ ಹಳದಿ ಗುಂಡು ಕೂತಿತ್ತು. ಗಂಧಕ ಸುಮಾರು 115 ಡಿಗ್ರಿಗೇ ಕರಗುತ್ತದೆ. ಗುಂಡಿನ ಮೈಗೆ ಹತ್ತಿ ತಿನ್ನಲು ಬ್ಯಾಕ್ಟೀರಿಯಾಕ್ಕೆ ಎಷ್ಟು ಜಾಗ ಸಿಗುತ್ತದೆ? ಹೀಗೇ ಏಳು ತಿಂಗಳು ಹೋಯಿತು. ಈಗ ಗಂಧಕವನ್ನು ಕಲ್ಲಿನಲ್ಲಿ ನೀರು ಹಾಕಿ ನುಣ್ಣಗೆ ಅರೆಯುತ್ತೇನೆ. ಮೂರು ದಿನ, ದಿನಕ್ಕೆ ಅರ್ಧ ತಾಸು ಬರೀ ಹಬೆಯಲ್ಲಿ ಬೇಯಿಸುತ್ತೇನೆ. ಅರೆಯುವಾಗ ಇನ್ನೊಂದು ಪದಾರ್ಥ ಚಿಟಿಕೆಯಷ್ಟು ಸೇರಿಸುತ್ತೇನೆ, ಅದನ್ನು ಮಾತ್ರ ಕೇಳಬೇಡಿ.

ನೈಟ್ರೋಜನ್ ಕಥೆ ಸ್ವಲ್ಪದರಲ್ಲಿ ಹೇಳುತ್ತೇನೆ. ಟೈರ್ ಅಂಗಡಿಯಲ್ಲಿ ಟ್ಯೂಬಿಗೆ ತುಂಬಿಸಿಕೊಂಡು ಬಂದೆ, ಐವತ್ತು ರೂಪಾಯಿ. ಅದರಲ್ಲಿ ಆಮ್ಲಜನಕ ಉಳಿದಿರುತ್ತದೆ, ಆಮ್ಲಜನಕ ಇದೆಯೋ ಇಲ್ಲವೋ ತೋರಿಸುವ ಬಣ್ಣ ರೆಸಜುರಿನ್ ಗುಲಾಬಿಯಿಂದ ಇಳಿಯಲೇ ಇಲ್ಲ. ಕೊನೆಗೆ ಸಿಲಿಂಡರ್ ಬಾಡಿಗೆ ಹಿಡಿದೆ, ತುಂಬಿಸಲು ಒಂದು ಸಾವಿರದ ಹತ್ತಿರ. ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ಹಳೆ ತಾಮ್ರದ ತಂತಿ ತಂದು, ಮೇಲಿನ ವಾರ್ನಿಷ್ ಸುಟ್ಟು, ಗಾಜಿನ ಕೊಳವೆಯಲ್ಲಿ ತುಂಬಿ ಕಾಯಿಸಿದೆ. ಆ ಬಿಸಿ ತಾಮ್ರದ ಮೂಲಕ ಹಾಯ್ದ ಗ್ಯಾಸಿಗೆ ಎರಡು ನಿಮಿಷದಲ್ಲಿ ಬಣ್ಣ ಹೋಯಿತು. ಬಾಟಲಿಗಳು ಆಸ್ಪತ್ರೆಯ ಹಳೆ ಇಂಜೆಕ್ಷನ್ ಬಾಟಲಿಗಳೇ. ಬಾಟಲಿಯ ಲೋಹದ ಮುಚ್ಚಳ ಬಿಗಿಯುವ ಕ್ರಿಂಪರ್ ಮಾತ್ರ ಹೊಸದು, ಮೂರೂವರೆ ಸಾವಿರ. ಎಲ್ಲ ಸೇರಿ ಹದಿನೆಂಟು ಸಾವಿರ ದಾಟಿಲ್ಲ.

ಬಯೋಟಿನ್ ಎಂಬ ವಿಟಮಿನ್ ಇಲ್ಲದೆ ಡೆಸಲ್ಫ್ಯುರೊಮೊನಾಸ್ ಅಸಿಟಾಕ್ಸಿಡನ್ಸ್ ಎಂಬ ಪ್ರಭೇದ ಬೆಳೆಯುವುದಿಲ್ಲ. ಇದೂ ಅದರ ಹತ್ತಿರದ್ದೇ ಇರಬೇಕೆಂದು ಮೆಡಿಕಲ್ ಅಂಗಡಿಯಿಂದ ಕೂದಲು ಉದುರುವುದಕ್ಕೆ ಕೊಡುವ ಬಯೋಟಿನ್ ಮಾತ್ರೆ ತಂದು, ಅರೆದು, ಸೋಸಿ ಹಾಕಿದೆ. ಒಂದು ಮಾತ್ರೆ ವರ್ಷಕ್ಕಾಗುತ್ತದೆ.

ಈ ಬ್ಯಾಕ್ಟೀರಿಯಾಕ್ಕೆ 30 ಡಿಗ್ರಿ ಹಿತ. ನಮ್ಮ ಮೇ ತಿಂಗಳು ನಿಮಗೆ ಗೊತ್ತು, ಮೇಲಾಗಿ ಕರೆಂಟ್ ಹೋಗುತ್ತದೆ. ಒಂದು ವಾರ ಇನ್‌ಕ್ಯುಬೇಟರ್ ಒಳಗೇ 42 ಆಗಿ ಇಪ್ಪತ್ತು ಬಾಟಲಿ ಸತ್ತವು. ಆಗ ಕಾಕಾನ ಹಳೆ ಹಗೇವು, ನೆಲದೊಳಗಿನ ಕಾಳಿನ ಗುಂಡಿ, ನೆನಪಾಯಿತು. ಜೋಳ ತುಂಬುವುದು ಬಿಟ್ಟು ಎಷ್ಟೋ ವರ್ಷವಾಗಿದೆ. ಬುಟ್ಟಿಗೆ ಹಗ್ಗ ಕಟ್ಟಿ ಬಾಟಲಿ ಇಳಿಸಿದೆ. ಒಳಗೆ ಹಗಲೂ ರಾತ್ರಿ 28, 29. ಹಗೇವಿನ ಗಾಳಿ ಕೆಟ್ಟದ್ದು, ಯಾರೂ ಇಳಿಯಬಾರದು. ಹಾಗೆಯೇ ಬಾಟಲಿ ತೆರೆಯುವಾಗ ಕಿಟಕಿ ತೆರೆದಿಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ.

ನಡುವೆ ಬೇರೆ ಆಟಗಳನ್ನೂ ಆಡಿದೆ. ಉಪ್ಪನ್ನು ಶೇ. 4ಕ್ಕೆ ಏರಿಸಿದರೂ ನಿಧಾನವಾಗಿ ಬೆಳೆಯಿತು, 6ಕ್ಕೆ ನಿಂತಿತು. ಗಂಧಕ ತೆಗೆದು ಹಸಿರು ಗಂಧಕ ಬ್ಯಾಕ್ಟೀರಿಯಾ ಜೊತೆಗೆ ಬೆಳಕಿನಲ್ಲಿಟ್ಟೆ. ನನ್ನದು ಸಲ್ಫೈಡ್ ಕೊಡುತ್ತದೆ, ಹಸಿರಿನದು ಅದನ್ನು ಗಂಧಕ ಮಾಡಿ ತಿರುಗಿ ಕೊಡುತ್ತದೆ. ಈ ಜೋಡಿಯನ್ನೇ ಹಿಂದೆ ಕ್ಲೋರೊಸ್ಯುಡೊಮೊನಾಸ್ ಎಥಿಲಿಕಾ ಎಂಬ ಒಂದೇ ಜೀವಿ ಎಂದು ತಿಳಿದಿದ್ದರು. 1976ರಲ್ಲಿ ಫೆನಿಗ್ ಮತ್ತು ಬೀಬ್ಲ್ ಎಂಬ ವಿಜ್ಞಾನಿಗಳು ಡೆಸಲ್ಫ್ಯುರೊಮೊನಾಸ್‌ಗೆ ಹೆಸರಿಟ್ಟರು. ಕಿಟಕಿಯಲ್ಲಿ ಆ ಹಸಿರು ಬಾಟಲಿ ಈಗಲೂ ಚೆಂದ ಇದೆ. ಪೆನ್ಸಿಲ್ ಸೆಲ್ಲಿನ ಕಾರ್ಬನ್ ಕಡ್ಡಿ ಇಳಿಸಿ ವಿದ್ಯುತ್ ಬರುತ್ತದೋ ನೋಡಿದೆ, ಮೀಟರ್ ಮುಳ್ಳು ಸ್ವಲ್ಪ ಆಡಿತು. ಅದು ಮುಂದಿನ ಬೇಸಿಗೆಗೆ.

ಬೆಂಗಳೂರಿಗೆ ಕಳಿಸಿದ್ದ 16ಎಸ್ ಓದು, ಅಂದರೆ ಬ್ಯಾಕ್ಟೀರಿಯಾ ಗುರುತಿಸುವ ಜೀನಿನ ಓದು, ಬಂದಿದೆ. ಡೆಸಲ್ಫ್ಯುರೊಮೊನಾಸ್‌ಗೆ ಶೇ. 97ರಷ್ಟು ಹೋಲಿಕೆ. ಹೊಸ ಪ್ರಭೇದವೇ ಎಂದು ಈಗಲೇ ಹೇಳುವುದಿಲ್ಲ. ಹನ್ನೊಂದನೆಯ ಪೀಳಿಗೆ ಹಗೇವಿನಲ್ಲಿದೆ. ಬೇಕಾದವರು ಬನ್ನಿ, ಐದು ಎಂಎಲ್ ಕೊಡುತ್ತೇನೆ. ಗ್ಯಾಸ್ ತುಂಬಿ ಮುಚ್ಚಿದ ಬಾಟಲಿ ಮಾತ್ರ ನೀವೇ ತನ್ನಿ.